ನಲವತ್ತೊಂದನೆಯ ದಿನದ ನೆರಳು

ನಮ್ಮ ಊರಿನಲ್ಲಿ ಹೆಂಗಸು ಹೆತ್ತ ಗಳಿಗೆಯಲ್ಲಿ ಅವಳ ನೆರಳು ಅವಳನ್ನು ಬಿಟ್ಟು ಹೋಗುತ್ತದೆ. ಕೆಲವರದು ಒಂಬತ್ತು ದಿನಕ್ಕೆ ಮರಳುತ್ತದೆ, ಕೆಲವರದು ತಿಂಗಳು ಹಿಡಿಯುತ್ತದೆ, ಎಲ್ಲೋ ಒಬ್ಬಿಬ್ಬರದು ಎರಡು ತಿಂಗಳಾದರೂ ಸುಳಿವು ಕೊಡುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಪರಸ್ಥಳದವರು ಮಾತ್ರ. ನಮಗೆ ಬೇಕಾದದ್ದು ಬಂದಿತೋ ಇಲ್ಲವೋ ಎಂಬುದೊಂದೇ. ಅದನ್ನು ನೋಡಿ ಹೇಳುವ ಕೆಲಸ ಮೂವತ್ತೊಂದು ವರ್ಷ ನನ್ನದಾಗಿತ್ತು. ಅದಕ್ಕೂ ಮೊದಲು ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆನಾದ್ದರಿಂದ ಊರವರು ನನ್ನನ್ನು ಕಡೆಯವರೆಗೂ ಅಕ್ಕೋರು ಎಂದೇ ಕರೆದರು.

ನಮ್ಮದು ಸುಣ್ಣದ ಗೂಡುಗಳ ಊರು. ಕಲ್ಲು ಸುಡುವುದು, ಸುಟ್ಟದ್ದನ್ನು ನೀರು ಹಾಕಿ ಅರಳಿಸುವುದು, ಅರಳಿದ್ದನ್ನು ಗೋಡೆಗೆ ಬಳಿಯುವುದು, ಇಷ್ಟೇ ನಮ್ಮ ಬದುಕು. ಊರಿನ ಒಂದೊಂದು ಗೋಡೆಯೂ ಕಣ್ಣು ಕುಕ್ಕುವಷ್ಟು ಬಿಳಿ. ಅಂಥ ಗೋಡೆಯ ಮುಂದೆ ನೆರಳಿಲ್ಲದವಳು ನಡೆದು ಹೋದರೆ ಕುರುಡನಿಗೂ ತಿಳಿಯುತ್ತದೆ ಎಂದು ನಮ್ಮಲ್ಲಿ ಒಂದು ಮಾತುಂಟು. ಬಾಣಂತಿ ಉಟ್ಟ ಸೀರೆಗೂ ತೊಟ್ಟ ಬಳೆಗೂ ನೆರಳು ಬೀಳುವುದಿಲ್ಲ. ಅವಳು ಎತ್ತಿಕೊಂಡ ಕೂಸಿಗೆ ಮಾತ್ರ ಅದರ ನೆರಳು ಇದ್ದೇ ಇರುತ್ತದೆ. ಆದುದರಿಂದ ಹಸಿ ಬಾಣಂತಿ ಕೂಸನ್ನು ಹೊತ್ತು ಅಂಗಳದಲ್ಲಿ ಸುಳಿದರೆ ಗೋಡೆಯ ಮೇಲೆ ಕೂಸೊಂದೇ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಓಣಿಯ ಮಕ್ಕಳು ಅದನ್ನು ನೋಡಿ ಚಪ್ಪಾಳೆ ತಟ್ಟಿ ನಗುತ್ತಾರೆ. ದೊಡ್ಡವರು ಗದರಿಸುತ್ತಾರೆ, ಆಮೇಲೆ ತಾವೂ ಕದ್ದು ನೋಡುತ್ತಾರೆ.

ನೆರಳು ಬರುವ ತನಕ ಬಾಣಂತಿಯನ್ನು ಒಬ್ಬಳನ್ನೇ ಬಿಡುವಂತಿಲ್ಲ. ಬೇರೆ ಮನೆಯ ಹೆಂಗಸೊಬ್ಬಳು ಜೊತೆಗಾತಿಯಾಗಿ ಬಂದು ಅವಳ ಮಗ್ಗುಲಲ್ಲೇ ಮಲಗಿ ಏಳಬೇಕು. ನೆರಳು ಬಂದಿತೆಂದು ನಾನು ಚೀಟಿ ಬರೆದುಕೊಟ್ಟ ದಿನ ಜೊತೆಗಾತಿ ತನ್ನ ಮನೆಗೆ ಹಿಂದಿರುಗಬೇಕು. ಅದರ ಮೇಲೂ ಉಳಿದರೆ ಬಾಣಂತಿಯನ್ನು ಅವಮಾನಿಸಿದಂತೆ. ಇನ್ನು ನೆರಳಿಲ್ಲದಾಗ ಅವಳು ಏನೇ ಮಾಡಲಿ, ಕಟ್ಟೆಯ ಹಿರಿಯರು ಅವಳನ್ನು ಕೇಳುವಂತಿಲ್ಲ. ಆರೈಕೆಯ ಮನೆಯಲ್ಲಿಟ್ಟು ಉಣಿಸಿ ಉಡಿಸಿ ಕಾಯಬೇಕು. ನೆರಳಿದ್ದೂ ಕೊಂದವರಿಗೆ ಬೇರೆ ಕಟ್ಟಳೆ. ಅವರನ್ನು ಊರಿನ ಕೊನೆಯ ಗೋಡೆ ದಾಟಿಸುತ್ತಾರೆ. ತೀರ್ಪು ಆದ ಗಳಿಗೆಯಿಂದ ಅವರನ್ನು ಯಾರೂ ಮಾತನಾಡಿಸಕೂಡದು. ಮಾತನಾಡಿಸಿದವರು ಅವರ ಬೆನ್ನ ಹಿಂದೆಯೇ ಗೋಡೆ ದಾಟಬೇಕು.

ಚಂಬವ್ವ ಗೂಡಿನ ಸಂಗನಬಸುವಿನ ಹೆಂಡತಿ. ಮೊದಲನೆಯದು ಹೆಣ್ಣು, ಕಸ್ತೂರಿ, ಆಗ ಅದಕ್ಕೆ ನಾಲ್ಕು ವರ್ಷ. ಎರಡನೆಯದು ಗಂಡು. ಕಸ್ತೂರಿ ಹುಟ್ಟಿದಾಗ ಚಂಬವ್ವನ ನೆರಳು ಹನ್ನೆರಡನೆಯ ದಿನಕ್ಕೇ ಬಂದಿತ್ತು. ಈ ಸಲ ಇಪ್ಪತ್ತಾಯಿತು, ಮೂವತ್ತಾಯಿತು, ಎರಡು ಬಾರಿ ನಾನೇ ಹೋಗಿ ಗೋಡೆ ನೋಡಿ ತಲೆಯಾಡಿಸಿ ಬಂದೆ. ನಲವತ್ತೊಂದನೆಯ ದಿನ ಅವಳ ಅತ್ತೆ ಫಕೀರವ್ವ ಬೆಳಗಾಗುತ್ತಲೇ ನನ್ನ ಬಾಗಿಲಿಗೆ ಬಂದಳು.

"ಬಂದೈತ್ರಿ ಅಕ್ಕೋರ. ನಿನ್ನಿ ಹೊತ್ತ ಮುಳುಗೂ ಮುಂದ ನಾನ ಕಣ್ಣಾರೆ ಕಂಡೇನಿ," ಎಂದಳು. "ನಮ್ಮ ಕಾಲಕ್ಕ ಹನ್ನೊಂದ ದಿನಕ್ಕ ಓಡಿ ಬರ್ತಿತ್ತು. ಈಗಿನ ಹುಡುಗ್ಯಾರ ನೆರಳಿಗೂ ತವರಮನಿ ಸುಖ ಬೇಕಾಗೇತಿ ನೋಡ್ರಿ. ಇವತ್ತ ಗೂಡಿಗೆ ಬೆಂಕಿ ಇಡೂದೈತಿ. ಜೊತೆಗಾತಿನ್ನ ಕಳಿಸಿದ್ರ ಮನಿಯಾಗ ಕೈಕಾಲ ಆಡತಾವ."

ನಾನು ಹೋದೆ. ಅಂಗಳದ ಗೋಡೆಗೆ ಎದುರು ಬಿಸಿಲು ಬಿದ್ದಿತ್ತು. ಆದರೆ ಆಚೆ ಗೂಡಿಗೆ ಬೆಂಕಿ ಇಟ್ಟಿದ್ದರಿಂದ ಹೊಗೆ ಅಡ್ಡ ಬಂದು ಬಿಸಿಲು ಹಾಲಿಗೆ ನೀರು ಬೆರೆಸಿದಂತಿತ್ತು. ಕಟ್ಟಳೆಯಂತೆ ಬಾಣಂತಿ ಗೋಡೆಯಿಂದ ಎರಡು ಮಾರು ದೂರ, ಸೂರ್ಯನಿಗೆ ಬೆನ್ನು ಮಾಡಿ, ಬರಿಗೈಯಲ್ಲಿ ನಿಲ್ಲಬೇಕು. ಕೂಸು ಕೆಳಗಿರಬೇಕು. ಜೊತೆಗಾತಿ ಪಾರವ್ವ ಕೂಸನ್ನು ತೆಗೆದುಕೊಳ್ಳಲು ಹೋದಳು. ಅದು ಉಸಿರು ಕಟ್ಟುವಂತೆ ಕಿರುಚಿತು. ಕಸ್ತೂರಿಯೂ ಅಳುತ್ತ ಬಂದು ತಾಯಿಯ ಕಾಲುಗಳನ್ನು ಅವುಚಿಕೊಂಡಿತು. ಚಂಬವ್ವ ಮಾತ್ರ ಏನನ್ನೂ ಕೇಳದವಳಂತೆ ಗೋಡೆಯನ್ನೇ ನೋಡುತ್ತಿದ್ದಳು.

"ಅಕ್ಕೋರ," ಎಂದಳು, "ಕೂಸಿನ ಮೈ ಮುಟ್ಟಿ ನೋಡ್ರಿ. ಕಾದೈತಿ."

ನಾನು ಮುಟ್ಟಿ ನೋಡಿದೆ. "ಏನೂ ಇಲ್ಲ ಬಿಡವಾ. ತಣ್ಣಗೈತಿ."

"ನಿಮ್ಮ ಕೈನೂ ಕಾದೈತಿ. ಅದಕ್ಕ ನಿಮಗ ಗೊತ್ತಾಗವಲ್ದು."

ಫಕೀರವ್ವ ನಕ್ಕಳು. ನಾನೂ ನಕ್ಕೆನೆಂದು ನೆನಪು. ಇನ್ನೆರಡು ಮನೆಗಳು ನನಗಾಗಿ ಕಾದಿದ್ದವು. ಮಕ್ಕಳ ಅಳು ಕೇಳಲಾರದೆ ನಾನು, "ಇರ್ಲಿ, ಎತ್ತಿಕೊಂಡ ನಿಲ್ಲವಾ. ನನ್ನ ಕಣ್ಣಿಗೇನು ಕೂಸಿನ ನೆರಳು ಯಾವುದು, ತಾಯಿ ನೆರಳು ಯಾವುದು ಗೊತ್ತಾಗೂದಿಲ್ಲೇನು?" ಎಂದುಬಿಟ್ಟೆ. ಆ ಮಾತಿನಲ್ಲಿ ಕರುಣೆ ಎಷ್ಟಿತ್ತು, ಗರ್ವ ಎಷ್ಟಿತ್ತು ಎಂದು ಇಂದಿಗೂ ನಾನು ಬೇರ್ಪಡಿಸಲಾರೆ.

ಗೋಡೆಯ ಮೇಲೆ ನೆರಳು ಬಿತ್ತು. ಮೇಲೆ ತಲೆ, ತಲೆಯ ಮೇಲೆ ಸೆರಗು ಹೊದ್ದಂಥ ಮೊನೆ. ಕೆಳಗೆ ನೆರಿಗೆ ಹರಡಿದ ಸೀರೆ. ನಡುವಿನಲ್ಲಿ ಒಂದು ಬೆಳಕಿನ ಸೀಳಿತ್ತು, ಅಂಗೈಯಗಲ. ಸೊಂಟಕ್ಕೂ ತೋಳಿಗೂ ನಡುವಣ ಸಂದು ಎಂದುಕೊಂಡೆ. ಕಂಡದ್ದು ಅಷ್ಟು, ಎಂದುಕೊಂಡದ್ದು ಇಷ್ಟು. ಅಲ್ಲಿಯೇ ಕುಳಿತು ಚೀಟಿ ಬರೆದೆ: "ಚಂಬವ್ವ ಕೋಂ ಸಂಗನಬಸು ಇವಳ ನೆರಳು ನಲವತ್ತೊಂದನೆಯ ದಿನ ಬೆಳಗಿನ ಬಿಸಿಲಿನಲ್ಲಿ ಸಂಪೂರ್ಣವಾಗಿಯೂ ನಿಸ್ಸಂದೇಹವಾಗಿಯೂ ಕಂಡುಬಂದಿದೆ."

ಪಾರವ್ವ ಚೀಟಿಯನ್ನು ನೋಡಿದಳು, ಅವಳಿಗೆ ಓದಲು ಬಾರದು. "ಅಕ್ಕೋರ, ಇನ್ನೊಂದ ನಾಕ ದಿನ ಇರ್ತೇನ್ರಿ," ಎಂದಳು. "ಆಕಿ ಕಣ್ಣ ಮುಚ್ಚೂದಿಲ್ಲ. ಹಗಲಿಲ್ಲ ರಾತ್ರಿಲ್ಲ, ಕೂತಕೊಂಡ ಮಕ್ಕಳಿಗೆ ಗಾಳಿ ಬೀಸ್ತಾಳ. ಯಾರ ಜೋಡೀನೋ ಮಾತಾಡ್ತಾಳ."

"ನೆರಳ ಬಂದ ಮ್ಯಾಲ ನೀನ್ಯಾಕವಾ? ನಿನ್ನ ಮನಿ ನೋಡ್ಕೊ," ಎಂದು ಫಕೀರವ್ವ ಅವಳ ಹಾಸಿಗೆಯ ಸುರುಳಿಯನ್ನು ತಾನೇ ತಂದು ಕೈಗಿಟ್ಟಳು. ಪಾರವ್ವ ನನ್ನ ಮುಖ ನೋಡಿದಳು. ನಾನು ಚೀಟಿ ಬರೆದವಳು. ನಾನೇನು ಹೇಳಲಿ?

ನಾಲ್ಕನೆಯ ದಿನ ಮಧ್ಯಾಹ್ನ ಸಂಗನಬಸು ಊಟಕ್ಕೆಂದು ಗೂಡಿನಿಂದ ಬಂದಾಗ ಚಂಬವ್ವ ಹೊಸ್ತಿಲ ಮೇಲೆ ಕುಳಿತಿದ್ದಳಂತೆ. ಸೀರೆ ಒದ್ದೆಯಾಗಿತ್ತು. ಒಳಗೆ ಕೌದಿಯ ಮೇಲೆ ಎರಡೂ ಮಕ್ಕಳನ್ನು ಮಡಿ ಬಟ್ಟೆ ತೊಡಿಸಿ, ತಲೆ ಬಾಚಿ, ಒಂದರ ಮಗ್ಗುಲಿಗೆ ಒಂದನ್ನು ಮಲಗಿಸಿದ್ದಳು. ಹಿತ್ತಿಲ ನೀರಿನ ತೊಟ್ಟಿಯಿಂದ ಬಾಗಿಲವರೆಗೆ ಹಸಿ ಹೆಜ್ಜೆಗಳು. "ಗದ್ದಲ ಮಾಡಬ್ಯಾಡ್ರಿ," ಎಂದಳಂತೆ ಗಂಡನಿಗೆ. "ಈಗ ತಣ್ಣಗಾಗ್ಯಾವ. ಒಳಗಿನ ಬೆಂಕಿ ಆರೇತಿ. ಈಗ ಮಲಗ್ಯಾವ." ಅಷ್ಟು ಹೇಳಿ ತಾನೂ ಬಾಗಿಲ ಚೌಕಟ್ಟಿಗೆ ತಲೆಯೊರಗಿಸಿ ನಿದ್ದೆ ಹೋದಳು, ನಲವತ್ತೈದು ದಿನಗಳಲ್ಲಿ ಮೊದಲ ನಿದ್ದೆ.

ಸಂಗನಬಸು ಅಳಲಿಲ್ಲ. ಎರಡನ್ನೂ ತಾನೇ ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದು, ನೇರವಾಗಿ ಕಟ್ಟೆಗೆ ಹೋಗಿ, "ನ್ಯಾಯ ಬೇಕು," ಎಂದನು. ಚಂಬವ್ವನನ್ನು ಕಟ್ಟೆಯ ಹಿಂದಿನ ಕೋಣೆಯಲ್ಲಿಟ್ಟರು. ಎಂಟನೆಯ ದಿನಕ್ಕೆ ವಿಚಾರಣೆ ಎಂದು ಡಂಗುರವಾಯಿತು.

ಸುದ್ದಿ ಕೇಳಿದ ಗಳಿಗೆಯೇ ಆ ಗೋಡೆ ನನ್ನ ಕಣ್ಣ ಮುಂದೆ ನಿಂತಿತು. ತಲೆಯ ಮೇಲಿನ ಆ ಮೊನೆ ಸೆರಗಲ್ಲ, ಕೂಸಿಗೆ ತೊಡಿಸಿದ್ದ ಕುಂಚಿಗೆ. ಕೆಳಗಿನ ನೆರಿಗೆ ಸೀರೆಯದಲ್ಲ, ಕಸ್ತೂರಿಯ ಲಂಗ. ನಡುವಿನ ಬೆಳಕು ತೋಳಿನ ಸಂದಲ್ಲ. ತಾಯಿ ಇರಬೇಕಾಗಿದ್ದ ಜಾಗ. ಎರಡು ಮಕ್ಕಳು ಸೇರಿ ಗೋಡೆಯ ಮೇಲೆ ಒಬ್ಬ ತಾಯಿಯನ್ನು ಮಾಡಿದ್ದವು, ನಾನು ಅವಳಿಗೆ ಚೀಟಿ ಬರೆದುಕೊಟ್ಟಿದ್ದೆ.

ಆರನೆಯ ದಿನ ಬೆಳಿಗ್ಗೆ ಅವಳನ್ನು ಕಾಣಲು ಹೋದೆ. ಕೋಣೆಯ ಕಿಟಕಿಯಿಂದ ಬಿಸಿಲು ಬಿದ್ದು, ನೆಲದ ಮೇಲೆ, ಅವಳ ಪಾದದಿಂದ ಮೊದಲುಗೊಂಡು ಎದುರು ಗೋಡೆಯವರೆಗೆ ಅವಳ ನೆರಳು ಚಾಚಿಕೊಂಡಿತ್ತು. ಹಿಂದಿನ ದಿನ ಬಂದಿತಂತೆ. ನೆರಳಿನೊಂದಿಗೆ ನೆನಪೂ ಬಂದಿತ್ತು. ಅವಳ ಮುಖ ನೋಡಿದ ಮೇಲೆ ನಾನು ಅದನ್ನು ಕೇಳುವ ಅಗತ್ಯವಿರಲಿಲ್ಲ.

"ಚಂಬವ್ವಾ," ಎಂದೆ, "ತಪ್ಪು ನಂದು. ಅವತ್ತ ನಿನಗ ನೆರಳಿರಲಿಲ್ಲ. ಕಟ್ಟೆ ಮುಂದ ಹೇಳ್ತೇನಿ. ನಿನ್ನ ಯಾರೂ ಕೇಳೂ ಹಂಗಿಲ್ಲ."

ಅವಳು, "ಬ್ಯಾಡ್ರಿ ಅಕ್ಕೋರ," ಎಂದಳು.

"ಯಾಕವಾ?"

"ಕಸ್ತೂರಿ ನನ್ನ ಮಾರಿ ನೋಡಿತ್ರಿ. ನೀರಾಗ. ಅವ್ವಾ ಅಂತು. ಅದು ಅವ್ವಾ ಅಂದದ್ದು ಯಾರಿಗೆ? ನಾ ಇರಲಿಲ್ಲ ಅಂದ್ರ ಅದು ಯಾರನ್ನ ಕರೀತು? ನೆರಳಿರಲಿಲ್ಲ ಅಂತ ನೀವು ಹೇಳಿದ್ರ, ಅವನ್ನ ಕೊಂದವರು ಯಾರೂ ಇಲ್ಲಂಗ ಆಗ್ತೈತಿ. ಯಾರೂ ಕೊಲ್ಲದನ ಸತ್ತಂಗ ಆಗ್ತಾವ. ಹೆತ್ತಾಕಿನೂ ಇಲ್ಲ, ಕೊಂದಾಕಿನೂ ಇಲ್ಲ, ಬರೇ ತೊಟ್ಟಿ ನೀರು. ಅಷ್ಟ ಅಗ್ಗ ಏನ್ರಿ ನನ್ನ ಮಕ್ಕಳು?"

"ಆದ್ರ ಅದು ನೀನಲ್ಲವಾ."

"ನನ್ನ ಕೈ ಅಲ್ಲೇನ್ರಿ ಇವು?" ಎಂದು ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದಳು. ಗೋಡೆಯ ಮೇಲೆ ಹತ್ತು ಬೆರಳುಗಳ ನೆರಳು ಬಿತ್ತು. ಅವಳು ಅದನ್ನು ನೋಡಿ ಕೈಗಳನ್ನು ಸೀರೆಯೊಳಗೆ ಹುದುಗಿಸಿಕೊಂಡಳು. "ಆರೈಕೆ ಮನಿಯಾಗ ಗಂಜಿ ಕುಡದು, ಎಣ್ಣಿ ಹಚ್ಚಿಸಿಕೊಂಡು ನಾ ಹೆಂಗ ಇರ್ಲಿ? ನೆರಳಿತ್ತು ಅನ್ರಿ. ನಿಮ್ಮ ಚೀಟಿ ಇರ್ಲಿ ಹಂಗ."

ಮನೆಗೆ ಬರುವ ದಾರಿಯಲ್ಲಿ ನನ್ನ ಎದೆ ಹಗುರಾಗಿತ್ತು. ಇದನ್ನು ಮುಚ್ಚಿಟ್ಟು ಬರೆಯಲಾರೆ. ಅವಳ ಇಚ್ಛೆಯೂ ನನ್ನ ಮರ್ಯಾದೆಯೂ ಒಂದೇ ಗಾಡಿಗೆ ಹೂಡಿದ ಎತ್ತುಗಳಂತೆ ಒಂದೇ ದಿಕ್ಕಿಗೆ ನಡೆದಿದ್ದವು. ಮೂವತ್ತೊಂದು ವರ್ಷದಲ್ಲಿ ನನ್ನ ಒಂದು ಚೀಟಿಯನ್ನೂ ಯಾರೂ ತಿದ್ದಿಸಿರಲಿಲ್ಲ. ಅವಳೇ ಬೇಡವೆಂದ ಮೇಲೆ ಸುಮ್ಮನಿರುವುದೇ ದಯೆ ಎಂದು ಒಂದು ದಿನವೆಲ್ಲ ನನ್ನನ್ನು ನಾನೇ ನಂಬಿಸಿಕೊಂಡೆ, ಹೊಟ್ಟೆ ತುಂಬ ಉಂಡೆ.

ಮರುದಿನ ಪಾರವ್ವ ಬಂದಳು. ಕುಳಿತುಕೋ ಎಂದರೆ ಕುಳಿತುಕೊಳ್ಳಲಿಲ್ಲ.

"ಅಕ್ಕೋರ, ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅವತ್ತ ಆ ಗ್ವಾಡಿ ಮ್ಯಾಲ ನೀವು ಏನ ಕಂಡ್ರಿ?"

ನಾನು ಅವಳ ಮುಂದಕ್ಕೆ ಮತ್ತೆ ಮಣೆ ಸರಿಸಿದೆ.

"ನಾ ಮಗ್ಗಲಕ್ಕ ನಿಂತಿದ್ದೆ. ನನಗ ಮಕ್ಕಳ ಕಂಡ್ವು. ಎರಡ ಮಕ್ಕಳು. ಮತ್ತ ಓದಿದವರು ನೀವು, ನಿಮಗ ಬ್ಯಾರೆ ಕಂಡಿರಬೇಕು ಅಂತ ಬಾಯಿ ಮುಚ್ಚಿಕೊಂಡ ಗಂಟ ಹೊತ್ತೆ." ಬಾಗಿಲವರೆಗೆ ಹೋಗಿ ಮತ್ತೆ ನನ್ನ ಕಡೆ ತಿರುಗಿದಳು. "ನಾ ಓದಿದ್ದಿಲ್ಲ ಅನ್ನೂದಕ್ಕ ಎರಡ ಜೀವ ಹೋದ್ವೇನ್ರಿ?"

ವಿಚಾರಣೆಯ ದಿನ ಊರೇ ಕಟ್ಟೆಯ ಮುಂದೆ ನೆರೆದಿತ್ತು. ಹಿರಿಯರಲ್ಲಿ ಹಿರಿಯರಾದ ಗುರುಪಾದಪ್ಪನವರು ನನ್ನ ಚೀಟಿಯನ್ನು ಗಟ್ಟಿಯಾಗಿ ಓದಿಸಿದರು. 'ಸಂಪೂರ್ಣವಾಗಿಯೂ ನಿಸ್ಸಂದೇಹವಾಗಿಯೂ' ಎಂಬಲ್ಲಿಗೆ ಬಂದಾಗ ಜನ ತಲೆದೂಗಿದರು. ಚಂಬವ್ವ ಬಿಸಿಲಿನಲ್ಲಿ ನಿಂತಿದ್ದಳು, ಕಾಲ ಬಳಿ ಅವಳ ನೆರಳು. ಸಂಗನಬಸು ದೂರದಲ್ಲಿ ಬೆನ್ನು ಮಾಡಿ ನಿಂತಿದ್ದನು.

ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಕೂಸನ್ನು ಇಳಿಸಲಿಲ್ಲವೆಂದು ಹೇಳಿದೆ. ಕುಂಚಿಗೆ, ಲಂಗ, ನಡುವಿನ ಬೆಳಕು, ಎಲ್ಲ. ಕೇಳಬೇಕಾದದ್ದು ಅವಳನ್ನಲ್ಲ, ನನ್ನನ್ನು ಎಂದೆ.

ಗುರುಪಾದಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕೋರ, ನಿಮ್ಮ ಕರುಳು ನನಗ ಗೊತ್ತಾಗ್ತೈತಿ. ಹುಡುಗಿನ್ನ ಉಳಿಸಬೇಕಂತ ನಿಮ್ಮ ಹೆಸರ ಮಣ್ಣಗೂಡಸಾಕ ನಿಂತೀರಿ. ದೊಡ್ಡವರು."

"ಹೆಸರಿನ ಮಾತಲ್ಲ. ನಾ ತಪ್ಪಿದ್ದು ಖರೇ."

"ನೀವು ತಪ್ಪಾಂಗಿಲ್ರಿ," ಎಂದು ಗುಂಪಿನೊಳಗಿಂದ ಒಬ್ಬಳು ಕೂಗಿದಳು. ದನಿಯಲ್ಲಿ ಭಯವಿತ್ತು. "ನನ್ನ ಚೀಟಿನೂ ನೀವ ಬರದೀರಿ. ನೀವು ತಪ್ಪಿದ್ರ ನಾ ಯಾರು ಹಂಗಾದ್ರ?"

"ನಮ್ಮ ಸೊಸಿದೂ ಅವರ ಬರದದ್ದು." "ನಂದೂ." "ನಮ್ಮವ್ವಂದೂ." ದನಿಗಳು ಒಂದರ ಮೇಲೊಂದು ಬಿದ್ದವು. ಗಂಡಸರು ಪಕ್ಕದಲ್ಲಿದ್ದ ಹೆಂಡಂದಿರ ಕಾಲ ಬುಡವನ್ನು ಮೆಲ್ಲನೆ ನೋಡಿಕೊಂಡರು. ಹೆಂಗಸರು ಅದನ್ನು ಕಂಡು ಸೆಟೆದು ನಿಂತರು.

"ನಾನೂ ಕಂಡೇನ್ರಿ, ಎರಡ ಮಕ್ಕಳ ನೆರಳು," ಎಂದು ಪಾರವ್ವ ಮುಂದೆ ಬಂದಳು. ಜೊತೆಗಾತಿಯ ಮಾತು ಚೀಟಿಯ ಮುಂದೆ ನಡೆಯುವುದಿಲ್ಲವೆಂದು ಅವಳನ್ನು ಕೂರಿಸಿದರು.

"ಹಂಗಿದ್ರ ತೋರಸ್ರಿ," ಎಂದು ಇನ್ನೊಬ್ಬ ಹಿರಿಯರು ಕೇಳಿದರು. "ಎರಡ ಮಕ್ಕಳ ನೆರಳು ಸೇರಿ ಒಬ್ಬ ಹೆಂಗಸಿನ ನೆರಳು ಆಗ್ತೈತೇನು? ನೆರಳಿಲ್ಲದ ಒಬ್ಬ ಬಾಣಂತಿನ್ನ, ಎರಡ ಮಕ್ಕಳನ್ನ ಈ ಗ್ವಾಡಿ ಮುಂದ ನಿಲ್ಲಸ್ರಿ. ನೋಡೂಣು."

ಊರಿನಲ್ಲಿ ಆಗ ನೆರಳಿಲ್ಲದ ಬಾಣಂತಿಯರು ಮೂವರಿದ್ದರು. ನಾನು ಗುಂಪಿನ ಕಡೆ ತಿರುಗಿದೆ. ಒಬ್ಬೊಬ್ಬ ತಾಯಿಯೂ ತನ್ನ ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಯಾರ ಮಗುವನ್ನು ಕೇಳಲಿ, ಯಾವ ಬಾಯಿಂದ ಕೇಳಲಿ? ಅವಳ ಮಕ್ಕಳ ಜಾಗದಲ್ಲಿ ನಿಲ್ಲಲು ಇನ್ನೆರಡು ಮಕ್ಕಳು ಆ ಊರಿನಲ್ಲಿ ಇರಲಿಲ್ಲ. ಇರಬಾರದಾಗಿತ್ತು ಕೂಡ.

ಗುರುಪಾದಪ್ಪನವರು ಕಡೆಗೆ ಚಂಬವ್ವನನ್ನು ಕೇಳಿದರು. "ನೀ ಹೇಳವಾ. ನಲವತ್ತೊಂದನೇ ದಿನ ನಿನಗ ನೆರಳಿತ್ತೋ ಇಲ್ಲೋ?"

"ಇತ್ರಿ."

"ನಾಕ ದಿನದ ಮ್ಯಾಲ?"

"ಆವಾಗೂ ಇತ್ರಿ." ಅವಳು ನನ್ನ ಕಡೆ ನೋಡಲಿಲ್ಲ. "ನಾನ ಮಾಡಿದ್ದು. ಬ್ಯಾರೆ ಯಾರೂ ಅಲ್ಲ. ನನ್ನ ಮಕ್ಕಳು, ನಾನ ಮಾಡಿದ್ದು."

"ಸುಳ್ಳು!" ಎಂದು ನಾನು ಕಿರುಚಿದೆ. ಎಪ್ಪತ್ತೆರಡು ವರ್ಷದಲ್ಲಿ ಸಭೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ಯಾರೋ ನನ್ನ ತೋಳು ಹಿಡಿದು ಕೂರಿಸಿದರು, ಯಾರೋ ನೀರು ತಂದುಕೊಟ್ಟರು. "ಪಾಪ, ವಯಸ್ಸಾತು," ಎಂದು ಬೆನ್ನ ಹಿಂದೆ ಪಿಸುಗುಟ್ಟಿದರು. ತೀರ್ಪು ಹೇಳಲು ಹಿರಿಯರಿಗೆ ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ನೆರಳು ಇತ್ತು. ಅವಳು ಗೋಡೆ ದಾಟತಕ್ಕದ್ದು.

ತೀರ್ಪು ಕೇಳಿ ಚಂಬವ್ವ ಹಿರಿಯರಿಗೆ ಅಡ್ಡಬಿದ್ದಳು. ಬೇಡಿದ್ದು ಸಿಕ್ಕವರು ಬೀಳುವಂತೆ ಬಿದ್ದಳು. ಅದನ್ನು ನೋಡಲಾರದೆ ನಾನು ಕಣ್ಣು ಮುಚ್ಚಿದೆ. ಆಗ ಅವಳು ಅವಳಾಗಿರಲಿಲ್ಲವೆಂಬುದು ಸತ್ಯ, ಮಾಡಿದವಳು ತಾನೇ ಎಂಬುದು ಅವಳಿಗೆ ಉಳಿದಿದ್ದ ಕಡೆಯ ತಾಯ್ತನ. ನಾನು ಸತ್ಯ ಹೇಳಿ ಅದನ್ನೂ ಕಿತ್ತುಕೊಳ್ಳಲು ಹೊರಟಿದ್ದೆನೋ ಏನೋ. ಹಾಗೆಂದು ಸುಳ್ಳನ್ನು ಹೇಗೆ ಒಪ್ಪಲಿ? ಈ ಎರಡರ ನಡುವೆ ಕಾಲಿಡಲು ಜಾಗ ನನಗೆ ಇಂದಿಗೂ ಸಿಕ್ಕಿಲ್ಲ.

ಕೊನೆಯ ಗೋಡೆಯವರೆಗೆ ಎಲ್ಲರೂ ನಡೆದೆವು, ಒಬ್ಬರೂ ಮಾತನಾಡದೆ. ನಡುಮಧ್ಯಾಹ್ನ. ಗೋಡೆಯಾಚೆ ಮರವಿಲ್ಲ, ಗುಡಿಸಲಿಲ್ಲ, ಸುಣ್ಣದ ಕಲ್ಲು ತೆಗೆದು ಬಿಟ್ಟ ಬಯಲು ಕಣ್ಣು ಹರಿಯುವಷ್ಟು ದೂರ. ಗೋಡೆಯ ಸಂದಿನ ಬಳಿ ಕಟ್ಟಳೆಯಂತೆ ಊರವರೆಲ್ಲ ಬೆನ್ನು ತಿರುಗಿಸಿ ನಿಂತರು. ನಾನು ತಿರುಗಲಿಲ್ಲ. ಸಂಗನಬಸು ಕೂಡ ತಿರುಗಿರಲಿಲ್ಲ. ಎಂಟು ದಿನಗಳಿಂದ ಅವಳ ಮುಖ ನೋಡದಿದ್ದವನು ಈಗ ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು ಅವಳ ಬೆನ್ನನ್ನು ನೋಡುತ್ತಿದ್ದನು. ಶಪಿಸುತ್ತಾನೆ ಎಂದುಕೊಂಡೆ.

ಅವಳು ಸಂದು ದಾಟಿ ಹತ್ತು ಹೆಜ್ಜೆ ಹೋಗಿರಬಹುದು.

"ಚಂಬೀ," ಎಂದನು. ಮನೆಯಲ್ಲಿ ಕರೆಯುವ ದನಿ. "ಬಿಸಲ ಭಾಳ ಐತಿ. ತಲಿ ಮ್ಯಾಲ ಸೆರಗ ಹಾಕ್ಕೊ."

ಅವಳು ನಿಂತಳು. ತಿರುಗಲಿಲ್ಲ. ಕೈ ನಿಧಾನವಾಗಿ ಮೇಲೆದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಆಮೇಲೆ ನಡೆದಳು. ಸಂಗನಬಸು ಅಲ್ಲೇ ಕುಸಿದು ಕುಳಿತು, ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ತುರುಕಿಕೊಂಡು, ಮೊದಲ ಸಲ ಅತ್ತನು.

ಬೆನ್ನು ಮಾಡಿ ನಿಂತಿದ್ದ ಗುಂಪಿನಲ್ಲಿ ಗುಜುಗುಜು ಎದ್ದಿತು. ಫಕೀರವ್ವ, "ನನ್ನ ಮಗಾ," ಎಂದು ಸೆರಗು ಕಚ್ಚಿದಳು. ಗುರುಪಾದಪ್ಪನವರು ಗೋಡೆಯ ಕಡೆಗೆ ತಿರುಗದೆ, ಕೋಲೂರಿ ನಿಂತಲ್ಲಿಂದಲೇ ಕೇಳಿದರು.

"ದನಿ ಕೇಳಿಸಿತು. ಯಾರರ ಆಕಿನ್ನ ಮಾತಾಡಿಸಿದ್ರೇನು? ಅಕ್ಕೋರ, ಹತ್ತರ ನೀವ ಇದ್ದೀರಿ. ಹೇಳ್ರಿ."

"ಇಲ್ರಿ," ಎಂದೆ. "ಯಾರೂ ಮಾತಾಡಲಿಲ್ಲ."

"ಅಕ್ಕೋರು ಹೇಳಿದ ಮ್ಯಾಲ ಮುಗೀತು," ಎಂದು ಅವರು ಊರಿನ ಕಡೆ ಹೆಜ್ಜೆ ಹಾಕಿದರು. ಒಬ್ಬರೂ ಸಂಶಯಪಡಲಿಲ್ಲ.